ಮಡಿದ ಯೋಧನಿಗೆ ಊರು ಸಲ್ಲಿಸಬೇಕಾದದ್ದು ಏನು?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಒಂದೇ ವಿಷಯದ ಸುತ್ತ ಇವೆ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದಿರುವ ಈ ಪತ್ರಗಳನ್ನು ಒಟ್ಟಿಗೆ ಓದಬೇಕೆನ್ನಿಸಿದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಬರೆದವರ ಹೆಸರನ್ನೂ ಊರಿನ ಹೆಸರನ್ನೂ ಅವರ ಅಪೇಕ್ಷೆಯಂತೆ ಕೈಬಿಟ್ಟಿದೆ.

ಪ್ರಶ್ನೆ: ನಾವು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯ ಯುವಕರು. ನಮ್ಮ ಜೊತೆ ಹೈಸ್ಕೂಲಿನಲ್ಲಿ ಓದಿದ ಗೆಳೆಯ ಸೇನೆಗೆ ಸೇರಿದ್ದ. ಲಡಾಖಿನಲ್ಲಿ ಡ್ಯೂಟಿಯ ಮೇಲಿದ್ದಾಗ ಸೇನೆಯ ವಾಹನ ಕಮರಿಗೆ ಉರುಳಿ ತೀರಿಕೊಂಡ. ಅವನಿಗಿನ್ನೂ ಇಪ್ಪತ್ನಾಲ್ಕು ವರ್ಷ. ಬಸ್ ನಿಲ್ದಾಣದ ಮುಂದಿನ ಸರ್ಕಲ್ಲಿನಲ್ಲಿ ಅವನ ಪುತ್ಥಳಿ ನಿಲ್ಲಿಸಬೇಕೆಂದು ಹಣ ಕೂಡಿಸುತ್ತಿದ್ದೇವೆ. ಆದರೆ ಊರಿನ ಕೆಲವು ಹಿರಿಯರು, ‘ಯುದ್ಧದಲ್ಲಿ ಸತ್ತವನಲ್ಲ, ಅಪಘಾತದಲ್ಲಿ ಹೋದವನು, ಹುತಾತ್ಮ ಅಂತ ಹೇಗೆ ಬರೆಸ್ತೀರಿ’ ಎಂದು ಕೇಳುತ್ತಾರೆ. ‘ಶತ್ರುಗಳೊಡನೆ ಹೋರಾಡುತ್ತ ವೀರಮರಣ’ ಎಂದು ಕೆತ್ತಿಸಿಬಿಟ್ಟರೆ ಯಾರೂ ಮಾತನಾಡುವುದಿಲ್ಲ ಎಂದು ನಮ್ಮಲ್ಲೇ ಕೆಲವರು ಹೇಳುತ್ತಿದ್ದಾರೆ. ಅವನ ತಂದೆ ಮಾತ್ರ ಏನೂ ಹೇಳುತ್ತಿಲ್ಲ. ನಾವು ಏನು ಮಾಡಬೇಕು?

ಉತ್ತರ: ಹಿರಿಯರ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ಅದು ನಿಮ್ಮ ಗೆಳೆಯನ ತಂದೆತಾಯಿಯರ ಕಿವಿಗೆ ಈಗಾಗಲೇ ಬಿದ್ದಿರುತ್ತದೆ ಮತ್ತು ಅವರ ಮೌನಕ್ಕೆ ಅದೂ ಒಂದು ಕಾರಣವಾಗಿರಬಹುದು.

ಲಡಾಖಿನ ರಸ್ತೆ ನಮ್ಮ ಹೆದ್ದಾರಿಯಂಥದ್ದಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ಕಣಿವೆಗಳು ಮುಚ್ಚಿಹೋಗುವುದರೊಳಗೆ ಪಡಿತರ, ಸೀಮೆಎಣ್ಣೆ, ಔಷಧಿ, ಮದ್ದುಗುಂಡು ಎಲ್ಲವೂ ಆ ರಸ್ತೆಗಳಲ್ಲೇ ಮೇಲಿನ ಠಾಣೆಗಳಿಗೆ ತಲುಪಬೇಕು. ಆ ವಾಹನ ನಡೆಸುವವನು, ಅದರಲ್ಲಿ ಕುಳಿತು ಹೋಗುವವನು ಇಬ್ಬರೂ ಗಡಿ ಕಾಯುವ ಕೆಲಸವನ್ನೇ ಮಾಡುತ್ತಿರುತ್ತಾರೆ. 1984ರ ಏಪ್ರಿಲ್ 13ರಂದು ನಮ್ಮ ಸೇನೆ ಸಿಯಾಚಿನ್ ಹಿಮನದಿಯ ಮೇಲೆ ಹಿಡಿತ ಸಾಧಿಸಿದಂದಿನಿಂದ ಅಲ್ಲಿ ಮಡಿದವರಲ್ಲಿ ಗುಂಡಿಗೆ ಬಲಿಯಾದವರಿಗಿಂತ ಹಿಮಪಾತ, ಚಳಿ, ಪ್ರಾಣವಾಯುವಿನ ಕೊರತೆಗಳಿಂದ ಬಲಿಯಾದವರೇ ಹೆಚ್ಚು. 2016ರ ಫೆಬ್ರವರಿ 3ರಂದು ಅಲ್ಲಿನ ಸೋನಂ ಠಾಣೆಯ ಮೇಲೆ ಹಿಮ ಕುಸಿದಾಗ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಅದರಡಿ ಸಿಕ್ಕಿಕೊಂಡರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ನಂತರವೂ ಜೀವಂತವಾಗಿ ಸಿಕ್ಕಿ, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಕರ್ನಾಟಕವೆಲ್ಲ ಅಂದು ಕಣ್ಣೀರಿಟ್ಟಿತು. ಅಲ್ಲಿ ಶತ್ರುವಿನ ಗುಂಡು ಹಾರಲಿಲ್ಲವಲ್ಲ ಎಂದು ಯಾರೂ ಕೇಳಲಿಲ್ಲ. 2024ರ ಡಿಸೆಂಬರ್ 24ರಂದು ಪೂಂಛ್ ಜಿಲ್ಲೆಯಲ್ಲಿ ಸೇನೆಯ ವಾಹನ ಕಮರಿಗೆ ಬಿದ್ದು ಮಡಿದ ಐವರಲ್ಲಿ ಮೂವರು ನಮ್ಮ ರಾಜ್ಯದವರು. ನಿಮ್ಮ ಗೆಳೆಯನ ಸಾವೂ ಅದೇ ಬಗೆಯದು.

ಸರ್ಕಾರದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲವೇ ಎಂದರೆ, ಇದೆ. ಸೇನೆಯ ಕಡತದಲ್ಲಿ ‘ಬ್ಯಾಟಲ್ ಕ್ಯಾಷುಯಲ್ಟಿ’ (ಕಾಳಗದ ಸಾವುನೋವು), ‘ಫಿಸಿಕಲ್ ಕ್ಯಾಷುಯಲ್ಟಿ’ (ಇತರ ಕಾರಣಗಳ ಸಾವುನೋವು) ಎಂದು ಬೇರೆ ಬೇರೆ ವರ್ಗಗಳಿವೆ. ಕುಟುಂಬ ಪಿಂಚಣಿಯ ಪ್ರಮಾಣ ಅದರ ಮೇಲೆ ನಿರ್ಧಾರವಾಗುತ್ತದೆ: ಮೊದಲನೆಯದರಲ್ಲಿ ಕೊನೆಯ ಸಂಬಳದಷ್ಟೇ ಪಿಂಚಣಿ, ಸೇವೆಯ ಕಾರಣದಿಂದ ಸಂಭವಿಸಿದ ಇತರ ಸಾವುಗಳಲ್ಲಿ ಸಂಬಳದ ಶೇ 60. ಆದರೆ ಇಡುಗಂಟಿನ ಪರಿಹಾರದ ವಿಷಯದಲ್ಲಿ ಕೇಂದ್ರ ಸರ್ಕಾರ 2016ರಿಂದ ಜಾರಿಗೆ ತಂದ ದರಗಳನ್ನು ನೋಡಿ. ಯುದ್ಧದಲ್ಲಿ ಶತ್ರುವಿನ ದಾಳಿಗೆ ಮಡಿದರೆ 45 ಲಕ್ಷ ರೂಪಾಯಿ. ಭಯೋತ್ಪಾದಕರ ಹಿಂಸೆಗೆ ಬಲಿಯಾದರೆ 25 ಲಕ್ಷ, ಕರ್ತವ್ಯದ ವೇಳೆ ಅಪಘಾತಕ್ಕೆ ಬಲಿಯಾದರೂ ಅದೇ 25 ಲಕ್ಷ. ಇನ್ನು ‘ಹುತಾತ್ಮ’ ಎಂಬ ಬಿರುದನ್ನು ಕೊಡುವ ಅಥವಾ ನಿರಾಕರಿಸುವ ಕಚೇರಿ ಯಾವುದೂ ಇಲ್ಲ. ಅಂಥ ಪದವನ್ನು ಅಧಿಕೃತವಾಗಿ ಬಳಸುವ ಪದ್ಧತಿಯಿಲ್ಲವೆಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಅದು ಜನ ಕೊಡುವ ಗೌರವ. ನಿಮ್ಮ ಊರು ಕೊಡಬೇಕೆಂದಿದ್ದರೆ ಹಿರಿಯರ ಅನುಮತಿ ಬೇಕಿಲ್ಲ.

ಆದರೆ ‘ಶತ್ರುಗಳೊಡನೆ ಹೋರಾಡುತ್ತ’ ಎಂದು ಮಾತ್ರ ದಯವಿಟ್ಟು ಕೆತ್ತಿಸಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಅವನ ಜೊತೆ ಅದೇ ವಾಹನದಲ್ಲಿದ್ದು ಬದುಕುಳಿದವನೋ, ಕಮರಿಗಿಳಿದು ಅವನನ್ನು ಮೇಲಕ್ಕೆ ಹೊತ್ತು ತಂದವನೋ ಮುಂದೊಂದು ದಿನ ರಜೆಯಲ್ಲಿ ನಿಮ್ಮ ಊರಿಗೆ ಬಂದೇ ಬರುತ್ತಾನೆ. ಯುನಿಟ್ಟಿನವರು ಹಾಗೆ ಬರುವುದುಂಟು. ಬಂದವನು ಆ ಕಲ್ಲಿನ ಮುಂದೆ ನಿಂತು ಓದಿದಾಗ, ತಾನು ಕಣ್ಣಾರೆ ಕಂಡ ಗೆಳೆಯನ ಸಾವನ್ನು ಅವನ ಊರಿನವರೇ ನಾಚಿಕೊಂಡು ಮುಚ್ಚಿಟ್ಟಿದ್ದಾರೆ ಎಂದು ಅವನಿಗೆ ಅನ್ನಿಸಬಾರದು. ಅಪಘಾತವನ್ನು ಯುದ್ಧವೆಂದು ಬರೆದರೆ ಅಪಘಾತದಲ್ಲಿ ಸಾಯುವುದು ಕಡಿಮೆಯೆಂಬ ಹಿರಿಯರ ಮಾತನ್ನೇ ನೀವು ಕಲ್ಲಿನಲ್ಲಿ ಒಪ್ಪಿಕೊಂಡಂತಾಗುತ್ತದೆ.

ಈ ವಿಷಯದಲ್ಲಿ ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಬೇಕು. ನಿಮಗೆ ದೂರವಲ್ಲದ ಬಳ್ಳಿಗಾವಿಯಲ್ಲೇ ಅವು ಸಾಲಾಗಿ ನಿಂತಿವೆ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ: ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಅವನು ಕುಳಿತಿರುವುದು, ತುದಿಯಲ್ಲಿ ಸೂರ್ಯಚಂದ್ರರು. ಮೇಲಿನ ಎರಡು ಪಟ್ಟಿಕೆಗಳು ಭಕ್ತಿಯ ಮಾತು. ಕೆಳಗಿನ ಪಟ್ಟಿಕೆ ಮತ್ತು ಅದರ ಬರಹ ಮಾತ್ರ ಬಹಳ ಖಚಿತ. ಯಾರ ಮಗ, ಯಾವ ಊರಿನವನು, ಯಾರ ಆಳ್ವಿಕೆಯಲ್ಲಿ, ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತನೋ, ಕಳ್ಳರೊಡನೆ ಕಾದಿ ಸತ್ತನೋ, ಹುಲಿಯ ಬಾಯಿಗೆ ಬಿದ್ದನೋ ಅದನ್ನೇ ಬರೆದಿರುತ್ತಾರೆ. ದನ ಕಾಯಲು ಹೋಗಿ ಸತ್ತವನನ್ನು ಮಹಾಯುದ್ಧದಲ್ಲಿ ಸತ್ತವನೆಂದು ಹೊಗಳಿದರೆ ಅವನ ಕೀರ್ತಿ ಹೆಚ್ಚುತ್ತದೆಂದು ಆ ಊರಿನವರು ಭಾವಿಸಲಿಲ್ಲ. ಅನೇಕ ಶಾಸನಗಳಲ್ಲಿ ಇನ್ನೂ ಒಂದು ಸಂಗತಿ ಸೇರಿರುತ್ತದೆ, ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು: ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. ನೆತ್ತರುಗೊಡಗೆ, ಕಲ್ನಾಡು ಎಂಬ ಹೆಸರಿನ ದತ್ತಿಗಳು ಅವು. ಹೊಗಳಿಕೆಯೂ ಹೊಲವೂ ಒಂದೇ ಕಲ್ಲಿನ ಮೇಲೆ ಇರುತ್ತಿದ್ದವು.

ನಿಮ್ಮ ಕಲ್ಲಿನ ಮೇಲೂ ಹಾಗೆಯೇ ನಡೆದದ್ದನ್ನು ಬರೆಸಿ. ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ದಿನ, ರೆಜಿಮೆಂಟು, ಸೇರಿದ ವರ್ಷ, ಆಮೇಲೆ ‘ಲಡಾಖಿನಲ್ಲಿ ಸೇನಾ ಕರ್ತವ್ಯದಲ್ಲಿದ್ದಾಗ ವಾಹನ ಅಪಘಾತದಲ್ಲಿ ಪ್ರಾಣ ತೆತ್ತರು’ ಎಂಬ ಒಂದು ವಾಕ್ಯ ಮತ್ತು ದಿನಾಂಕ. ಸ್ಥಾಪಿಸಿದವರ ಹೆಸರುಗಳ ಪಟ್ಟಿ, ಉದ್ಘಾಟಿಸಿದ ಗಣ್ಯರ ಪಟ್ಟಿ ಅದರ ಮೇಲೆ ಬೇಡ. ಗಣ್ಯರ ಹೆಸರು ದೊಡ್ಡ ಅಕ್ಷರಗಳಲ್ಲಿದ್ದು ಸತ್ತ ಹುಡುಗನ ಹೆಸರನ್ನು ಹುಡುಕಬೇಕಾದ ಫಲಕಗಳನ್ನು ನಾನು ಈ ಎರಡೂ ಜಿಲ್ಲೆಗಳಲ್ಲಿ ನೋಡಿ ನೊಂದಿದ್ದೇನೆ.

ಇನ್ನು ಸರ್ಕಲ್ಲಿನ ಪುತ್ಥಳಿ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಮುಂತಾದ ಕಡೆ ಪುತ್ಥಳಿ ಸ್ಥಾಪನೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯ ಸರ್ಕಾರಗಳಿಗೆ ಆದೇಶಿಸಿದೆ. ಅನುಮತಿಯಿಲ್ಲದೆ ರಾತ್ರೋರಾತ್ರಿ ನಿಲ್ಲಿಸಿದರೆ ನಾಳೆ ಪೊಲೀಸರು ಬಂದು ಬಟ್ಟೆ ಸುತ್ತಿ ಇಳಿಸುವ ಸ್ಥಿತಿ ಬರಬಹುದು. ಆ ದೃಶ್ಯವನ್ನು ಅವನ ತಾಯಿಗೆ ತೋರಿಸುವ ಅಪಾಯಕ್ಕೆ ಕೈಹಾಕಬೇಡಿ. ಅವನ ಸಮಾಧಿ ಮನೆಯವರ ತೋಟದಲ್ಲೇ ಇದ್ದರೆ, ಅವರು ಒಪ್ಪಿದರೆ, ಅಲ್ಲೇ ಕಲ್ಲನ್ನು ನಿಲ್ಲಿಸಿ. ಇಲ್ಲವಾದರೆ ಅವನು ಓದಿದ ಶಾಲೆಯ ಆವರಣದಲ್ಲಿ, ಶಿಕ್ಷಣ ಇಲಾಖೆಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆದು ನಿಲ್ಲಿಸಿ.

ಎಲ್ಲಿ ನಿಲ್ಲಿಸಿದರೂ ಒಂದು ವಿಷಯವನ್ನು ಮೊದಲೇ ತೀರ್ಮಾನಿಸಿಕೊಳ್ಳಿ: ಹತ್ತು ವರ್ಷದ ನಂತರ ಅದನ್ನು ನೋಡಿಕೊಳ್ಳುವವರು ಯಾರು? ನೀವೆಲ್ಲ ಅಷ್ಟು ಹೊತ್ತಿಗೆ ಬೆಂಗಳೂರಿಗೋ ದಾವಣಗೆರೆಗೋ ಕೆಲಸಕ್ಕೆ ಹೋಗಿರುತ್ತೀರಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವೊಂದಿದೆ. ಕಾಡುಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಅದರ ಒಡೆಯ ಮಣಲೆರ ನಿಲ್ಲಿಸಿದ ಕಲ್ಲು ಅದು. ಆ ಕಲ್ಲಿಗೆ ಭೂಮಿ ಬಿಟ್ಟಿದ್ದಲ್ಲದೆ, ಅಲ್ಲಿನ ಉಸ್ತುವಾರಿಯ ಗೊರವನು (ಶೈವ ಪೂಜಾರಿ) ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆಂದೂ ಬರೆದಿದ್ದಾರೆ. ಸಾವಿರ ವರ್ಷದ ಹಿಂದೆ ಒಂದು ನಾಯಿಯ ಸ್ಮಾರಕಕ್ಕೂ ದಿನದ ಆರೈಕೆಗೆ ಆಳು, ಆದಾಯ, ಹೊಣೆ ಎಲ್ಲವನ್ನೂ ಗೊತ್ತುಮಾಡಿದ್ದರು. ನೀವು ಕೂಡಿಸಿದ ಹಣದಲ್ಲಿ ಅರ್ಧವನ್ನಾದರೂ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇಟ್ಟು, ಅದರ ಬಡ್ಡಿಯನ್ನು ಸುಣ್ಣಬಣ್ಣಕ್ಕೆ ಮತ್ತು ಶಾಲೆಯ ಒಂದು ಸಣ್ಣ ಪುಸ್ತಕಭಂಡಾರಕ್ಕೆ ಬಿಡಿ. ಧ್ವಜಸ್ತಂಭ ನಿಲ್ಲಿಸುವ ಯೋಚನೆಯಿದ್ದರೆ ಹರಿದ ಧ್ವಜವನ್ನು ಹಾರಿಸುವಂತಿಲ್ಲ ಎಂಬುದು ನೆನಪಿರಲಿ. ಮಳೆಗಾಲ ಮುಗಿದ ಕೂಡಲೇ ಹೊಸ ಧ್ವಜ ತರುವವರ ಹೆಸರನ್ನು ಈಗಲೇ ಬರೆದಿಡಿ.

ಅವನ ತಂದೆಯ ವಿಷಯ ಹೇಳುತ್ತೇನೆ. ಅವರನ್ನು ಪಂಚಾಯಿತಿ ಕಟ್ಟೆಯ ಸಭೆಗೆ ಕರೆದು ಅಭಿಪ್ರಾಯ ಕೇಳಬೇಡಿ. ಇಬ್ಬರೋ ಮೂವರೋ ಸಂಜೆ ಹೊತ್ತು ಮನೆಗೆ ಹೋಗಿ, ಅವನ ತಾಯಿಯೂ ಇರುವಾಗ, ಕೂತು ಮಾತನಾಡಿ. ಯುನಿಟ್ಟಿನಿಂದ ಅವನ ಟ್ರಂಕು ಬಂದಿರುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು, ಹುದ್ದೆ, ಹೆಸರು ಬರೆದ ಆ ಕಪ್ಪು ಟ್ರಂಕನ್ನು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ತೆರೆದಿರುವುದಿಲ್ಲ. ಒಂದು ಮನೆಯಲ್ಲಿ ಅದನ್ನು ತೆರೆದಾಗ ನಾನಿದ್ದೆ. ಮಡಿಚಿಟ್ಟ ಉಣ್ಣೆಯ ಸ್ವೆಟರು, ಅರ್ಧ ಮುಗಿದ ಕೊಬ್ಬರಿ ಎಣ್ಣೆಯ ಸೀಸೆ, ತಂಗಿಯ ಮದುವೆಗೆಂದು ಕ್ಯಾಂಟೀನಿನಲ್ಲಿ ಕೊಂಡು ಇನ್ನೂ ಪೊಟ್ಟಣ ಬಿಚ್ಚದ ಮಿಕ್ಸಿ ಅದರಲ್ಲಿದ್ದವು. ಆ ಮಿಕ್ಸಿಯ ಮೇಲೆ ಕೈಯಿಟ್ಟ ಮೇಲೆ ಆ ತಂದೆ ಮಗನ ಬಗ್ಗೆ ಮಾತನಾಡಲು ಶುರುಮಾಡಿದರು, ನಡುರಾತ್ರಿಯವರೆಗೂ ಮಾತನಾಡಿದರು. ಅಂಥ ಮಾತಿಗೆ ನೀವು ಕಿವಿಯಾಗಬೇಕು.

ಕೇಳಿದ್ದನ್ನು ಬರೆದಿಡಿ. ಪುತ್ಥಳಿಗಿಂತ ಇದನ್ನೇ ನಾನು ಒತ್ತಿ ಹೇಳುವುದು. ಎಲ್ಲ ಪುತ್ಥಳಿಗಳ ಮುಖವೂ ಒಂದೇ ತರಹ ಇರುತ್ತದೆ. ಎಲ್ಲ ಫ್ಲೆಕ್ಸುಗಳ ಮೇಲೂ ‘ಮತ್ತೆ ಹುಟ್ಟಿ ಬಾ’ ಎಂದಿರುತ್ತದೆ. ನಿಮ್ಮ ಗೆಳೆಯ ಭರ್ತಿ ರ‍್ಯಾಲಿಗೆ ಮುಂಚೆ ಬೆಳಗಿನ ಜಾವ ಎದ್ದು ಭದ್ರಾ ನಾಲೆಯ ಏರಿಯ ಮೇಲೆ ಓಡಿರುತ್ತಾನೆ. ನಿಮ್ಮ ಭಾಗದ ಹುಡುಗರೆಲ್ಲ ಹಾಗೆ ಓಡುವುದನ್ನು, ಜೊತೆಗೊಬ್ಬ ಸೈಕಲ್ಲಿನಲ್ಲಿ ಮೊಬೈಲ್ ಹಿಡಿದು 1,600 ಮೀಟರಿಗೆ ಎಷ್ಟು ನಿಮಿಷವಾಯಿತೆಂದು ಕೂಗಿ ಹೇಳುವುದನ್ನು ನಾನು ನೋಡಿದ್ದೇನೆ. ಅವನ ಜೊತೆ ಸೈಕಲ್ಲಿನಲ್ಲಿ ಹೋದವನು ನಿಮ್ಮಲ್ಲೇ ಯಾರೋ ಇದ್ದಾನೆ. ಮೊದಲ ಸಲ ಅನುತ್ತೀರ್ಣನಾಗಿ ಬಂದಾಗ ಏನೆಂದ, ಮೊದಲ ಸಂಬಳದಲ್ಲಿ ಯಾರಿಗೆ ಏನು ತಂದ, ರಜೆಗೆ ಬಂದವನು ಯಾರ ಮನೆಯ ರೊಟ್ಟಿ ಕೇಳುತ್ತಿದ್ದ, ಕೊನೆಯ ಸಲ ಫೋನಿನಲ್ಲಿ ಏನು ಹೇಳಿದ ಎಂಬುದೆಲ್ಲ ಇಂದು ನಿಮಗೆ ನೆನಪಿದೆ. ಇನ್ನು ಕೆಲವು ವರ್ಷಗಳಲ್ಲಿ ಮಸುಕಾಗುತ್ತದೆ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಪ್ರತಿಯೊಬ್ಬರೂ ತಮಗೆ ಗೊತ್ತಿದ್ದುದನ್ನು ತಮ್ಮ ಅಕ್ಷರದಲ್ಲೇ ಬರೆಯಿರಿ. ಅವನ ಕನ್ನಡ ಮೇಷ್ಟ್ರಿಂದಲೂ, ಬಸ್ ನಿಲ್ದಾಣದ ಹೋಟೆಲಿನವರಿಂದಲೂ ಬರೆಸಿ. ಬರೆಯಲು ಬಾರದ ಅಜ್ಜಿಯ ಮಾತನ್ನು ಕೇಳಿ ಬರೆದುಕೊಳ್ಳಿ. ಒಂದು ಪ್ರತಿ ಮನೆಯವರಿಗೆ, ಒಂದು ಶಾಲೆಗೆ. ಅವನ ಸಿಟ್ಟು, ಅವನ ಹಟ, ಸಾಲ ಮಾಡಿ ಬೈಕು ಕೊಂಡದ್ದು ಕೂಡ ಅದರಲ್ಲಿರಲಿ. ದೇವರನ್ನಾಗಿ ಮಾಡಿ ಬರೆದರೆ ಅವನ ತಾಯಿಗೇ ಅವನ ಗುರುತು ಸಿಗುವುದಿಲ್ಲ.

ವರ್ಷಕ್ಕೊಮ್ಮೆ ಕಾರ್ಯಕ್ರಮ ಮಾಡುವುದಾದರೆ ಅವನ ಹುಟ್ಟಿದ ದಿನ ಮಾಡಬಹುದೆಂದು ನನಗನ್ನಿಸುತ್ತದೆ. ಪುಣ್ಯಸ್ಮರಣೆಯ ದಿನವನ್ನು ಮನೆಯವರಿಗೆ ಬಿಟ್ಟುಕೊಡಿ. ಡಿಜೆ ಬೇಡವೇ ಬೇಡ.

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನ ರೈತ, ಎಪ್ಪತ್ತು ದಾಟಿದೆ. ನನ್ನ ಅಣ್ಣ 1971ರ ಯುದ್ಧದಲ್ಲಿ ತೀರಿಕೊಂಡ. ತಂತಿ ಬಂತು, ಆಮೇಲೆ ಒಂದು ಕಾಗದ ಬಂತು, ಅಷ್ಟೇ. ಈಗ ಯೋಧರ ಪಾರ್ಥಿವ ಶರೀರ ಹೆದ್ದಾರಿಯಲ್ಲಿ ಬರುವಾಗ ಸಾವಿರಾರು ಜನ ಹೂವು ಹಿಡಿದು ನಿಲ್ಲುತ್ತಾರೆ. ನಮ್ಮ ಅಣ್ಣನ ಹೆಸರು ಎಲ್ಲಾದರೂ ಇದೆಯೇ? ದೇಹವೇ ಬಾರದವನಿಗೆ ಈಗ ಕಲ್ಲು ನಿಲ್ಲಿಸಬಹುದೇ?

ಉತ್ತರ: ಹಿರಿಯರೇ, ನಿಮ್ಮ ಅಣ್ಣನವರ ಕಾಲದಲ್ಲಿ ಯುದ್ಧಭೂಮಿಯಲ್ಲಿ ಮಡಿದವರ ಅಂತ್ಯಸಂಸ್ಕಾರ ಸಾಮಾನ್ಯವಾಗಿ ಅಲ್ಲೇ ಹತ್ತಿರದಲ್ಲಿ, ಅವರ ಜೊತೆಗಾರರ ಕೈಯಿಂದಲೇ ನಡೆಯುತ್ತಿತ್ತು. ಪಾರ್ಥಿವ ಶರೀರವನ್ನು ಊರಿಗೆ ತಲುಪಿಸುವ ಪದ್ಧತಿ ವ್ಯಾಪಕವಾದದ್ದು 1999ರ ಕಾರ್ಗಿಲ್ ಯುದ್ಧದ ಸಮಯದಲ್ಲಿ. ನಿಮ್ಮ ಮನೆಗೆ ಬಾರದೆ ಹೋದದ್ದು ಯಾರೂ ನಿಮ್ಮ ಅಣ್ಣನನ್ನು ಕಡೆಗಣಿಸಿದ್ದರಿಂದಲ್ಲ. ಇಷ್ಟು ವರ್ಷ ಆ ಅನುಮಾನ ಮನಸ್ಸಿನಲ್ಲಿದ್ದರೆ ಅದನ್ನು ತೆಗೆದುಹಾಕಿ.

ಹೆಸರು ಸಿಗುವ ಸಾಧ್ಯತೆ ಬಹಳವಿದೆ. ದೆಹಲಿಯ ಇಂಡಿಯಾ ಗೇಟಿನ ಪಕ್ಕದಲ್ಲಿ 2019ರ ಫೆಬ್ರವರಿ 25ರಂದು ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾಯಿತು. ಒಂದರ ಸುತ್ತ ಒಂದರಂತೆ ಅಮರ ಚಕ್ರ, ವೀರತಾ ಚಕ್ರ, ತ್ಯಾಗ ಚಕ್ರ, ರಕ್ಷಕ ಚಕ್ರ ಎಂಬ ನಾಲ್ಕು ವೃತ್ತಗಳಿವೆ. ತ್ಯಾಗ ಚಕ್ರದ ಗೋಡೆಗಳಲ್ಲಿ ಒಬ್ಬೊಬ್ಬ ಯೋಧನಿಗೆ ಒಂದೊಂದು ಗ್ರಾನೈಟ್ ಫಲಕದಂತೆ, ಸ್ವಾತಂತ್ರ್ಯಾನಂತರದ ಯುದ್ಧ ಮತ್ತು ಕಾರ್ಯಾಚರಣೆಗಳಲ್ಲಿ ಮಡಿದ 25,000ಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ, 1971ರವರೂ ಅದರಲ್ಲಿದ್ದಾರೆ. ಸ್ಮಾರಕದ ಅಂತರ್ಜಾಲ ತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಮೊಮ್ಮಕ್ಕಳನ್ನು ಕೂರಿಸಿಕೊಂಡು ಹುಡುಕಿಸಿ. ಹೆಸರಿನ ಕಾಗುಣಿತ ಸೇನೆಯ ದಾಖಲೆಯಲ್ಲಿ ಬೇರೆ ಇರಬಹುದು, ಆದ್ದರಿಂದ ಎರಡು ಮೂರು ರೀತಿಯಲ್ಲಿ ಪ್ರಯತ್ನಿಸಿ.

ಅವರ ಸೇನಾ ಸಂಖ್ಯೆ ಸಿಕ್ಕಿದರೆ ಕೆಲಸ ಹಗುರವಾಗುತ್ತದೆ. ನಿಮ್ಮ ತಾಯಿಗೆ ಅಥವಾ ಅತ್ತಿಗೆಗೆ ಪಿಂಚಣಿ ಬರುತ್ತಿದ್ದರೆ ಆ ಪಿಂಚಣಿ ಪುಸ್ತಕದಲ್ಲಿ ಅದು ಇರುತ್ತದೆ. ಹಳೆಯ ಕಾಗದಗಳ ಮೇಲೂ ಇರಬಹುದು. 56 ಎಪಿಒ ಅಥವಾ 99 ಎಪಿಒ ಎಂಬ ಸೇನಾ ಅಂಚೆ ಕಚೇರಿಯ ವಿಳಾಸವನ್ನು ಮಾತ್ರ ನೋಡಿ ಅವರು ಎಲ್ಲಿದ್ದರೆಂದು ಗೊತ್ತಾಗುವುದಿಲ್ಲ, ಆದರೆ ಅದರ ಪಕ್ಕದಲ್ಲಿ ಬರೆದ ನಂಬರು, ಯುನಿಟ್ಟಿನ ಹೆಸರು ಬಹಳ ಬೆಲೆಯುಳ್ಳದ್ದು. ಯಾವ ರೆಜಿಮೆಂಟೆಂದು ತಿಳಿದರೆ ಅದರ ರೆಕಾರ್ಡ್ ಆಫೀಸಿಗೆ ಬರೆಯಬಹುದು. ಮದ್ರಾಸ್ ರೆಜಿಮೆಂಟಿನ ಕೇಂದ್ರ ಊಟಿಯ ಬಳಿಯ ವೆಲಿಂಗ್ಟನ್‌ನಲ್ಲಿದೆ, ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನದು ಬೆಂಗಳೂರಿನಲ್ಲಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರು ಅರ್ಜಿ ಬರೆದುಕೊಡಲು ನೆರವಾಗುತ್ತಾರೆ, ಅದು ಅವರ ಕೆಲಸವೇ.

ಕಲ್ಲು ಖಂಡಿತ ನಿಲ್ಲಿಸಿ. ನಮ್ಮ ಹಿರಿಯರ ವೀರಗಲ್ಲುಗಳ ಕೆಳಗೆಲ್ಲ ದೇಹವಿದೆಯೆಂದು ತಿಳಿಯಬೇಡಿ. ಅವು ಗೋರಿಗಳಲ್ಲ, ನೆನಪಿನ ಕಲ್ಲುಗಳು. ದೂರದ ನೆಲದಲ್ಲಿ ಕಾದಿ ಸತ್ತವನ ಕಲ್ಲು ಅವನ ಊರಿನಲ್ಲಿ ನಿಲ್ಲುವುದು ನಮ್ಮಲ್ಲಿ ಹೊಸದೇನಲ್ಲ. ಇನ್ನೊಂದು ಮಾತು. ದೆಹಲಿಯ ಸ್ಮಾರಕದಲ್ಲಿ ಸಂಜೆ ಹೊತ್ತು ಮಡಿದ ಯೋಧನೊಬ್ಬನ ಹತ್ತಿರದ ಬಂಧುವಿನ ಕೈಯಿಂದ ಪುಷ್ಪಚಕ್ರ ಇಡಿಸುವ ಪದ್ಧತಿಯಿದೆ. ನಿಮ್ಮ ಮೈಯಲ್ಲಿ ಶಕ್ತಿಯಿರುವಾಗಲೇ ಅದಕ್ಕೆ ಬರೆದು ಕೇಳಿ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ನೀವು ಕಾದದ್ದಕ್ಕೆ ಆ ಒಂದು ಸಂಜೆ ಸಲ್ಲಬೇಕು.

ಪ್ರಶ್ನೆ: ನನ್ನ ಮಗನ ಮೇಲೆ ಹೊದಿಸಿದ್ದ ಬಾವುಟವನ್ನು ಅಧಿಕಾರಿಗಳು ನನ್ನ ಕೈಗೆ ಕೊಟ್ಟರು. ಅದನ್ನು ಅವನ ಫೋಟೊಕ್ಕೆ ಹೊದಿಸಬಹುದೇ? ವರ್ಷಕ್ಕೊಮ್ಮೆ ಸಮಾಧಿಯ ಮೇಲೆ ಹಾಸಬಹುದೇ? ಅವನ ತಮ್ಮ ಅಣ್ಣನ ಮಿಲಿಟರಿ ಬಟ್ಟೆಯನ್ನು ಹಾಕಿಕೊಳ್ಳುತ್ತೇನೆ ಎನ್ನುತ್ತಾನೆ. (ಚಳ್ಳಕೆರೆ ತಾಲ್ಲೂಕಿನ ತಾಯಿಯೊಬ್ಬರು)

ಉತ್ತರ: ತಾಯಿ, ಧ್ವಜ ಸಂಹಿತೆಯ ಪ್ರಕಾರ ಯೋಧನ ಅಂತ್ಯಸಂಸ್ಕಾರದಲ್ಲಿ ಕೇಸರಿ ಬಣ್ಣ ತಲೆಯ ಕಡೆ ಬರುವಂತೆ ಧ್ವಜ ಹೊದಿಸುತ್ತಾರೆ, ಅದನ್ನು ಚಿತೆಯಲ್ಲಿ ಸುಡುವಂತಿಲ್ಲ, ಸಮಾಧಿಯೊಳಗೆ ಇಳಿಸುವಂತಿಲ್ಲ. ಆದ್ದರಿಂದಲೇ ಅದನ್ನು ತೆಗೆದು ಮಡಿಚಿ ನಿಮ್ಮ ಕೈಗೆ ಕೊಟ್ಟದ್ದು. ಇನ್ನು ಮೇಲೆ ಅದನ್ನು ಫೋಟೊಕ್ಕಾಗಲಿ ಪುತ್ಥಳಿಗಾಗಲಿ ಹೊದಿಸುವುದು, ಸಮಾಧಿಯ ಮೇಲೆ ಹಾಸುವುದು ಬೇಡ. ಧ್ವಜವನ್ನು ಹೊದಿಕೆಯಾಗಿ ಬಳಸಬಾರದೆಂಬ ನಿಯಮವಿದೆ. ಅದರ ಮೇಲೆ ಮಗನ ಹೆಸರು ಬರೆಸುವುದೂ ಬೇಡ.

ಮಡಿಚುವ ಕ್ರಮ ಹೀಗಿದೆ. ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಪಟ್ಟಿಯ ಕೆಳಕ್ಕೆ ಮಡಿಚಬೇಕು. ಆಮೇಲೆ ಎರಡೂ ಬದಿಗಳಿಂದ ನಡುವಿಗೆ ಮಡಿಚಿದರೆ ಅಶೋಕ ಚಕ್ರವೂ ಸ್ವಲ್ಪ ಕೇಸರಿ, ಸ್ವಲ್ಪ ಹಸಿರೂ ಮೇಲೆ ಕಾಣುತ್ತವೆ. ಹಾಗೆ ಮಡಿಚಿ, ಶುಭ್ರವಾದ ಹತ್ತಿಬಟ್ಟೆಯಲ್ಲಿಟ್ಟು, ಗಾಜಿನ ಮುಚ್ಚಳವಿರುವ ಮರದ ಪೆಟ್ಟಿಗೆಯಲ್ಲಿ ಫೋಟೊದ ಪಕ್ಕದಲ್ಲಿಡಿ. ಬಿಸಿಲು ಬೀಳದ ಜಾಗವಾಗಿರಲಿ, ನಿಮ್ಮ ಕಡೆಯ ಬಿಸಿಲಿಗೆ ಬಣ್ಣ ಬೇಗ ಮಾಸುತ್ತದೆ. ಸಮವಸ್ತ್ರದಲ್ಲಿ ಉಣ್ಣೆಯದಿದ್ದರೆ ನುಸಿಗುಳಿಗೆ ಹಾಕಿ, ವರ್ಷಕ್ಕೆರಡು ಸಲ ನೆರಳಿನಲ್ಲಿ ಗಾಳಿಗೆ ಹರವಿ.

ಚಿಕ್ಕ ಮಗನಿಗೆ ಹೊರಗೆ ಹಾಕಿಕೊಂಡು ಹೋಗಲು ಬಿಡಬೇಡಿ. ಸೈನಿಕನಲ್ಲದವನು ಸೈನಿಕನೆಂದು ಜನ ನಂಬುವಂತೆ ಆ ಉಡುಪು ಧರಿಸುವುದು ಅಪರಾಧ. ಆದರೆ ಮನೆಯೊಳಗೆ, ಅಣ್ಣನ ಸ್ವೆಟರನ್ನು ಚಳಿಗಾಲದಲ್ಲಿ ಒಂದು ರಾತ್ರಿ ಹಾಕಿಕೊಂಡು ಮಲಗಿದರೆ ಗದರಬೇಡಿ.

ಪ್ರಶ್ನೆ: ನನಗೆ ಇಪ್ಪತ್ತಾರು ವರ್ಷ. ದಾವಣಗೆರೆಯಲ್ಲಿ ತವರು ಮನೆಯಲ್ಲಿದ್ದೇನೆ. ಗಂಡ ಸೇನೆಯಲ್ಲಿದ್ದು ತೀರಿಕೊಂಡರು. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ, ಕಾರ್ಗಿಲ್ ವಿಜಯ ದಿನಗಳಲ್ಲಿ ವೇದಿಕೆಗೆ ಕರೆದು ಶಾಲು ಹೊದಿಸಿ ಮಾತನಾಡಿ ಎನ್ನುತ್ತಾರೆ. ಹೋಗದಿದ್ದರೆ ಅಹಂಕಾರವೆನ್ನುತ್ತಾರೆ. ಮುಂದೆ ಓದಬೇಕೆಂದಿದ್ದೇನೆ. ಮತ್ತೆ ಮದುವೆಯಾದರೆ ಎಲ್ಲ ನಿಂತುಹೋಗುತ್ತದೆ, ಅವರಿಗೂ ಅವಮಾನ ಎಂದು ಅತ್ತೆ ಮನೆಯ ಕಡೆಯವರು ಹೇಳುತ್ತಾರೆ.

ಉತ್ತರ: ತಂಗಿ, ವೇದಿಕೆಗೆ ಹೋಗಲೇಬೇಕೆಂಬ ಕಟ್ಟಳೆ ಯಾವುದೂ ಇಲ್ಲ. ಮನಸ್ಸಿದ್ದ ವರ್ಷ ಹೋಗಿ, ಇಲ್ಲದ ವರ್ಷ ‘ಬರಲಾಗುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಿ, ಕಾರಣ ಕೊಡಬೇಕಿಲ್ಲ. ಕಾರ್ಯಕ್ರಮ ಮಾಡುವವರಿಗೂ ಇಲ್ಲಿಂದಲೇ ಹೇಳುತ್ತೇನೆ: ಗಂಡನನ್ನು ಕಳೆದುಕೊಂಡ ಹೆಣ್ಣುಮಗಳನ್ನು ಮೈಕಿನ ಮುಂದೆ ನಿಲ್ಲಿಸಿ ಅಳಿಸುವುದರಿಂದ ಯಾವ ಯೋಧನಿಗೂ ಗೌರವ ಸಲ್ಲುವುದಿಲ್ಲ. ಅವರನ್ನು ಆಹ್ವಾನಿಸಿ, ಮುಂದಿನ ಸಾಲಿನಲ್ಲಿ ಕೂರಿಸಿ, ಮಾತನಾಡುತ್ತೀರಾ ಎಂದು ಮೊದಲೇ ಖಾಸಗಿಯಾಗಿ ಕೇಳಿ, ಬೇಡವೆಂದರೆ ಅಲ್ಲಿಗೆ ಬಿಡಿ.

ಮರುಮದುವೆಯಾದೊಡನೆ ಎಲ್ಲವೂ ತಾನಾಗಿ ನಿಂತುಹೋಗುತ್ತದೆ ಎಂಬುದು ಸರಿಯಲ್ಲ. ನಿಮ್ಮದು ಯಾವ ಬಗೆಯ ಕುಟುಂಬ ಪಿಂಚಣಿ, ಮಕ್ಕಳಿದ್ದಾರೆಯೇ, ಅವರನ್ನು ಸಾಕುತ್ತಿರುವವರು ಯಾರು ಎಂಬುದರ ಮೇಲೆ ನಿಯಮ ಬದಲಾಗುತ್ತದೆ. ಶೌರ್ಯ ಪದಕದ ಭತ್ಯೆಯ ವಿಷಯದಲ್ಲಿ, ಪತ್ನಿ ಗಂಡನ ಸಹೋದರನನ್ನೇ ಮದುವೆಯಾದರೆ ಮಾತ್ರ ಅದು ಮುಂದುವರಿಯುತ್ತದೆಂಬ ಹಳೆಯ ಷರತ್ತೊಂದಿತ್ತು; 2017ರಲ್ಲಿ ಸರ್ಕಾರವೇ ಅದನ್ನು ತೆಗೆದುಹಾಕಿತು. ಅತ್ತೆ ಮಾವಂದಿರಿಗೆ ವಯಸ್ಸಾಗಿ ಬೇರೆ ಆಸರೆಯಿಲ್ಲದಿದ್ದರೆ ಪಿಂಚಣಿಯಲ್ಲಿ ಪಾಲು ಮಾಡಿಕೊಡಲೂ ಕೆಲವು ಸಂದರ್ಭಗಳಲ್ಲಿ ಅವಕಾಶವಿದೆ. ಅವರೂ ಮಗನನ್ನು ಕಳೆದುಕೊಂಡವರು. ಅವರ ಮಾತಿನ ಹಿಂದೆ ಮುಂದೇನು ಎಂಬ ಭಯವಿರಬಹುದು, ಅದು ನಿಮಗೂ ಗೊತ್ತು. ಆದ್ದರಿಂದ ಬಾಯಿಮಾತಿಗೆ ಬಿಡದೆ, ಪಿಂಚಣಿ ಆದೇಶದ ಪ್ರತಿಯೊಂದಿಗೆ ರೆಕಾರ್ಡ್ ಆಫೀಸಿಗೆ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ಅದನ್ನು ಎರಡೂ ಮನೆಯವರು ಒಟ್ಟಿಗೆ ಕೂತು ಓದಲಿ. (ನಿಮ್ಮ ಪತಿ ನಾಲ್ಕು ವರ್ಷದ ಅವಧಿಗೆ ಸೇನೆ ಸೇರುವ ಅಗ್ನಿವೀರರಾಗಿದ್ದರೆ ಲೆಕ್ಕವೇ ಬೇರೆ: 48 ಲಕ್ಷದ ವಿಮೆ, ಸೇವೆಯ ಕಾರಣದ ಸಾವಾದರೆ 44 ಲಕ್ಷದ ಪರಿಹಾರ, ಉಳಿದ ಅವಧಿಯ ಸಂಬಳ ಸಿಗುತ್ತದೆ, ಪಿಂಚಣಿಯಿಲ್ಲ.)

ಓದಿ. ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆಯಲ್ಲಿ ಮಡಿದ ಯೋಧರ ಪತ್ನಿಯರಿಗೂ ಅವಕಾಶವಿದೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ. ವೃತ್ತಿಪರ ಕೋರ್ಸಿನ ಮೊದಲ ವರ್ಷಕ್ಕೆ ಸೇರಿದಾಗಲೇ ಅರ್ಜಿ ಹಾಕಬೇಕು, ತಡಮಾಡಬೇಡಿ. ಯಾವ ಕೋರ್ಸು ಎಂದು ತೀರ್ಮಾನಿಸಿದ ಮೇಲೆ ಮತ್ತೊಮ್ಮೆ ಬರೆಯಿರಿ. ಅರ್ಜಿಯ ಜೊತೆಗೆ ಯಾವ ಯಾವ ದಾಖಲೆ ಬೇಕೆಂಬುದನ್ನು ವಿಚಾರಿಸಿ ತಿಳಿಸುತ್ತೇನೆ.